ಸುತ್ತುಗಟ್ಟಿ ಕುಣಿಯೋದು ಹೇಗೆ: ಗರ್ಬಾದಿಂದ ಜಡೆ ಕೋಲಾಟದ ತನಕ ಹಂತ ಹಂತವಾಗಿ

ನವರಾತ್ರಿ ಹತ್ರ ಬಂತು ಅಂದ್ರೆ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಗರ್ಬಾ ಪ್ರಾಕ್ಟೀಸ್ ಶುರು ಆಗತ್ತೆ, ಅದು ಮುಗಿಯೋ ಹೊತ್ತಿಗೆ ರಾಜ್ಯೋತ್ಸವ, ಅಲ್ಲಿಗೊಂದು ಕೋಲಾಟ ಬೇಕೇ ಬೇಕು. ಎಲ್ರೂ ಮೊದಲು ಮಾಡೋ ಕೆಲಸ ಅಂದ್ರೆ ಮೊಬೈಲಲ್ಲಿ ವಿಡಿಯೋ ಹಾಕ್ಕೊಂಡು ಕನ್ನಡಿ ಮುಂದೆ ನಿಂತು ಸ್ಟೆಪ್ ಕಲಿಯೋದು. ಮನೇಲಿ ಚೆನ್ನಾಗೇ ಬರತ್ತೆ, ಆದ್ರೆ ಹದಿನೈದಿಪ್ಪತ್ತು ಜನರ ಜೊತೆ ಸುತ್ತಲ್ಲಿ ನಿಂತ ತಕ್ಷಣ ಯಾವ ಕಡೆ ತಿರುಗಬೇಕು ಅನ್ನೋದೇ ಮರೆತುಹೋಗತ್ತೆ, ಮುಂದಿನವರು ನಿಂತ್ರೆ ಹಿಂದಿನವರು ಹೋಗಿ ಗುದ್ದುತ್ತಾರೆ, ಎರಡನೇ ಹಾಡಿಗೇ ಅರ್ಧ ಜನ ಕುರ್ಚಿ ಹಿಡೀತಾರೆ. ಕಾರಣ ಇಷ್ಟೇ. ವಿಡಿಯೋದಲ್ಲಿ ತೋರ್ಸೋದು ಕ್ಯಾಮೆರಾಗೆ ಮುಖ ಮಾಡಿ ಒಬ್ಬರು ಕುಣಿಯೋದನ್ನ, ಸುತ್ತಿಗೆ ಆ ಥರ ಒಂದು ಎದುರು ಅನ್ನೋದೇ ಇರಲ್ಲ, ಇರೋದೆಲ್ಲ ನಡು ಮಾತ್ರ. ನೀವು ದಾರಿ ಹಿಡೀಬೇಕಾಗಿರೋದು ಆ ನಡುವಿನಿಂದ ಮತ್ತೆ ಅಕ್ಕಪಕ್ಕದವರಿಂದ.

ಹಾಗಾಗಿ ಈ ಬರಹದಲ್ಲಿ ನಾನು ಪದೇ ಪದೇ ಹೇಳೋದು ಒಂದೇ ಮಾತು, ಮೊದಲನೇ ದಿನದಿಂದ್ಲೇ ಸುತ್ತಲ್ಲಿ ನಿಂತೇ ಕಲೀರಿ. ನಾಲ್ಕೇ ಜನ ಇದ್ರೂ ಪರವಾಗಿಲ್ಲ, ನಡುವೆ ಒಂದು ಚೊಂಬು ಇಟ್ಟು ಸುತ್ತ ನಿಂತ್ಕೊಳ್ಳಿ. ಸಾಲಾಗಿ ನಿಂತು ಕಲಿತು ಆಮೇಲೆ ಸುತ್ತಿಗೆ ಬರ್ತೀವಿ ಅಂದ್ರೆ ಕಲಿತದ್ದರಲ್ಲಿ ಅರ್ಧ ಮರೀಬೇಕಾಗತ್ತೆ.

ಎಷ್ಟೊಂದು ಥರ ಇದೆ, ಯಾವುದರಿಂದ ಶುರು ಮಾಡೋದು

ನಮ್ಮ ದೇಶದ ಸುತ್ತು ಕುಣಿತಗಳನ್ನ ರಾಜ್ಯದ ಪ್ರಕಾರ ಪಟ್ಟಿ ಮಾಡಿದ್ರೆ ಮುಗಿಯಲ್ಲ, ಕಲಿಯೋರಿಗೆ ಅದರಿಂದ ಉಪಯೋಗನೂ ಇಲ್ಲ. ಕೈ ಏನು ಮಾಡತ್ತೆ ಅಂತ ನೋಡಿ, ಸಲೀಸಾಗಿ ಮೂರು ಗುಂಪಾಗತ್ತೆ.

ಚಪ್ಪಾಳೆ ಹೊಡೆಯೋವು ಒಂದು ಗುಂಪು. ಗುಜರಾತಿನ ಗರ್ಬಾ, ತಮಿಳುನಾಡಿನ ಕುಮ್ಮಿ, ಕೇರಳದಲ್ಲಿ ಧನು ಮಾಸದ ತಿರುವಾದಿರ ನಕ್ಷತ್ರದ ರಾತ್ರಿ ನಿಲವಿಳಕ್ಕು ಅನ್ನೋ ಕಾಲುದೀಪದ ಸುತ್ತ ಆಡೋ ತಿರುವಾದಿರಕ್ಕಳಿ, ತೆಲಂಗಾಣದ ಬತುಕಮ್ಮ ಎಲ್ಲಾ ಇದರಲ್ಲೇ ಬರತ್ತೆ. ಬತುಕಮ್ಮ ನೋಡಿಲ್ಲದೋರು ಒಂದ್ಸಲ ನೋಡ್ಲೇಬೇಕು, ಮಹಾಲಯ ಅಮಾವಾಸ್ಯೆಯಿಂದ ದುರ್ಗಾಷ್ಟಮಿ ತನಕ ತಂಗಡಿ ಹೂವು ಚೆಂಡು ಹೂವು ಎಲ್ಲಾ ಗೋಪುರದ ಥರ ಪೇರಿಸಿ ನಡುವೆ ಇಟ್ಟು, ಪ್ರತಿ ಸಾಲಿನ ಕೊನೆಗೂ ಉಯ್ಯಾಲೋ ಅಂತ ಹಾಡ್ತಾ ಹೆಂಗಸರು ಸುತ್ತ ಬರ್ತಾರೆ, ಕೊನೇಗೆ ಹೂವನ್ನ ನೀರಿಗೆ ಬಿಡ್ತಾರೆ. ಹೆಜ್ಜೆ ತುಂಬಾ ಸರಳ, ಎಪ್ಪತ್ತರ ಅಜ್ಜಿನೂ ಏಳರ ಹುಡುಗಿನೂ ಒಟ್ಟಿಗೆ ಕುಣೀಬಹುದು.

ಕೋಲು ಹಿಡಿಯೋವು ಎರಡನೇ ಗುಂಪು. ದಾಂಡಿಯಾ ರಾಸ್, ನಮ್ಮ ಕೋಲಾಟ, ಆಂಧ್ರದ ಕೋಲಾಟಂ, ಕೊಡಗಿನಲ್ಲಿ ಪುತ್ತರಿ ಅನ್ನೋ ಸುಗ್ಗಿ ಹಬ್ಬದ ಕೋಲಾಟ. ಕೈ ಕೈ ಹಿಡಿಯೋವು ಇಲ್ಲಾ ಬೆನ್ನ ಹಿಂದೆ ಕೈ ಹೆಣೆಯೋವು ಮೂರನೇ ಗುಂಪು. ಮಣಿಪುರದಲ್ಲಿ ಯಾವೋಶಾಂಗ್ ಹಬ್ಬದ ಬೆಳದಿಂಗಳಲ್ಲಿ ಆಡೋ ಥಾಬಲ್ ಚೋಂಗ್ಬಾ, ಆಂಧ್ರದ ಅರಕು ಕಣಿವೆಯ ಧಿಂಸಾ, ಹಿಮಾಚಲದ ನಾಟಿ ಈ ಜಾತಿಯವು. ರಾಜಸ್ಥಾನದ ಘೂಮರ್ ಮಾತ್ರ ಈ ಮೂರಕ್ಕೂ ಸೇರಲ್ಲ, ಅಲ್ಲಿ ಒಬ್ಬೊಬ್ಬರೂ ತಮ್ಮ ಸುತ್ತ ತಾವು ತಿರುಗ್ತಾ ಘಾಘ್ರಾ (ಅಗಲ ಲಂಗ) ಅರಳಿಸ್ತಾ ಜೊತೆಗೆ ದೊಡ್ಡ ಸುತ್ತಲ್ಲೂ ಸಾಗ್ತಾರೆ.

ಹೊಸಬರು ಚಪ್ಪಾಳೆಯಿಂದ ಶುರು ಮಾಡಿ, ಆಮೇಲೆ ಕೋಲು. ಕೋಲು ಹಿಡಿದ ಮೇಲೆ ಗಮನ ಎಲ್ಲಾ ಕೈಗೆ ಹೋಗತ್ತೆ, ಅಷ್ಟೊತ್ತಿಗೆ ಕಾಲು ತಾನಾಗೇ ನಡೆಯೋ ಹಾಗಿರಬೇಕು.

ಜಾಗದ ಲೆಕ್ಕ

ಇದನ್ನ ಯಾರೂ ಹೇಳಿಕೊಡಲ್ಲ, ಆದ್ರೆ ಎಲ್ಲಾ ಗಲಾಟೆ ಇಲ್ಲಿಂದ್ಲೇ ಶುರುವಾಗೋದು. ಚಪ್ಪಾಳೆ ಕುಣಿತಕ್ಕೆ ಒಬ್ಬರಿಗೆ ಸುತ್ತಿನ ಗೆರೆ ಮೇಲೆ 4 ಅಡಿ ಬೇಕು, ಕೋಲಾಟಕ್ಕೆ 5 ಅಡಿ. 20 ಜನ ಗರ್ಬಾ ಮಾಡ್ತೀರಾ ಅಂದ್ರೆ ಗೆರೆ 80 ಅಡಿ, ಅಂದ್ರೆ ಸುತ್ತಿನ ಅಡ್ಡಳತೆ ಸುಮಾರು 25 ಅಡಿ. 12 ಜನರ ಕೋಲಾಟಕ್ಕೆ ಗೆರೆ 60 ಅಡಿ, ಅಡ್ಡಳತೆ ಸುಮಾರು 19 ಅಡಿ. ಅದರಾಚೆಗೂ ಸುತ್ತ 3 ಅಡಿ ಖಾಲಿ ಬಿಡಿ, ಕುರ್ಚಿ ಸ್ಪೀಕರ್ ವೈರು ಯಾವುದೂ ಬರಬಾರದು. ನಡುವೆ ಒಬ್ಬರು ಹಗ್ಗದ ತುದಿ ಹಿಡಿದು ನಿಂತ್ಕೊಂಡು ಇನ್ನೊಬ್ಬರು ಇನ್ನೊಂದು ತುದಿಗೆ ಚಾಕ್‌ಪೀಸ್ ಕಟ್ಟಿ ಸುತ್ತ ಬಂದ್ರೆ ಎರಡೇ ನಿಮಿಷಕ್ಕೆ ಸುತ್ತು ಬರೆದಾಯ್ತು. 25 ಅಡಿ ಸುತ್ತಿಗೆ ಹನ್ನೆರಡೂವರೆ ಅಡಿ ಹಗ್ಗ.

ನಡುವೆ ಏನಾದ್ರೂ ಇಡಿ, ಖಾಲಿ ಬಿಡಬೇಡಿ. ಗರ್ಬಾದಲ್ಲಿ ತೂತು ಮಾಡಿದ ಮಣ್ಣಿನ ಮಡಿಕೆ ಒಳಗೆ ದೀಪ ಇಟ್ಟು ಇಡ್ತಾರೆ, ಇಲ್ಲಾಂದ್ರೆ ಅಂಬಾ ಮಾತೆಯ ಫೋಟೋ. ಕೊಡಗಿನ ಬೊಳಕಾಟ್‌ನಲ್ಲಿ ಗಂಡಸರು ತೂಗುದೀಪದ ಸುತ್ತ ಚೌರಿ (ಚಾಮರ) ಹಿಡಿದು ಕುಣೀತಾರೆ, ಅಲ್ಲೇ ಹೆಂಗಸರ ಉಮ್ಮತ್ತಾಟ್‌ನಲ್ಲಿ ನಡುವೆ ಒಬ್ಬರು ನೀರು ತುಂಬಿದ ಕೊಡ ಹಿಡಿದು ಕಾವೇರಮ್ಮನ ಸ್ಥಾನದಲ್ಲಿ ನಿಂತಿರ್ತಾರೆ, ಸುತ್ತ ಇರೋರ ಕೈಲಿ ತಾಳ. ಇದರಲ್ಲಿ ಭಕ್ತಿ ಇದೆ, ಅದರ ಜೊತೆಗೇ ಒಂದು ಪಕ್ಕಾ ಉಪಯೋಗನೂ ಇದೆ, ತಲೆ ತಿರುಗಿದಾಗ ದಿಕ್ಕು ತಪ್ಪಿದಾಗ ಕಣ್ಣಿಗೆ ಹಿಡ್ಕೊಳ್ಳೋಕೆ ಅದೊಂದೇ ನಿಂತ ವಸ್ತು. ದೀಪ ಇಡೋದಾದ್ರೆ ಮಣೆ ಮೇಲೆ ಇಟ್ಟು, ಸುತ್ತ 6 ಅಡಿ ಒಳಗೆ ಯಾರೂ ಬರದ ಹಾಗೆ ರಂಗೋಲಿ ಗೆರೆ ಎಳೀರಿ, ಘೇರಿನ ಲಂಗ ದುಪಟ್ಟಾ ಎಲ್ಲಾ ಬೆಂಕಿಗೆ ಬೇಗ ತಾಗತ್ತೆ. ಮತ್ತೆ ದೀಪ ಇಟ್ಟ ಸುತ್ತಿಗೆ ಚಪ್ಪಲಿ ಹಾಕ್ಕೊಂಡು ಬರಬೇಡಿ, ಅದು ಡ್ಯಾನ್ಸ್ ಫ್ಲೋರ್ ಅಲ್ಲ, ಪೂಜೆ ಜಾಗ.

ಹಂತ 1: ಕೂತ್ಕೊಂಡು ತಾಳ

ಎದ್ದು ನಿಲ್ಲೋಕೆ ಮುಂಚೆ ಸುತ್ತಾಗಿ ನೆಲದ ಮೇಲೆ ಕೂತ್ಕೊಳ್ಳಿ. ಗರ್ಬಾ ಹಾಡುಗಳು ಹೆಚ್ಚಾಗಿ ಹೀಂಚ್ ತಾಳದಲ್ಲಿ ಇರತ್ತೆ, 6 ಮಾತ್ರೆ (ಎಣಿಕೆ), ಮೂರು ಮೂರಾಗಿ ಒಡೆಯತ್ತೆ, ಹಿಂದೂಸ್ತಾನಿ ದಾದ್ರಾ ತಾಳ ಗೊತ್ತಿರೋರಿಗೆ ಅದರದ್ದೇ ತೂಗು. ಬಾಯಲ್ಲಿ ಹೇಳ್ಕೊಳ್ಳಿ: ಧಾ ಧೀ ನಾ, ಧಾ ತೂ ನಾ. ಎರಡೂ ಧಾ ಬಂದಾಗ ಚಪ್ಪಾಳೆ, ಅಂದ್ರೆ 1ಕ್ಕೆ ಮತ್ತೆ 4ಕ್ಕೆ. ದಾಂಡಿಯಾಗೆ ಕೆಹರ್ವಾ ತಾಳ ಬರತ್ತೆ, 8 ಮಾತ್ರೆ, ಧಾ ಗೆ ನ ತಿ, ನ ಕ ಧಿ ನ.

ಕೂತಲ್ಲೇ ಒಂದು ಪೂರ್ತಿ ಹಾಡಿಗೆ ಎಲ್ಲರ ಚಪ್ಪಾಳೆ ಒಂದೇ ಸದ್ದಾಗಿ ಕೇಳೋ ತನಕ ಎದ್ದೇಳಬೇಡಿ. ಕಣ್ಣು ಮುಚ್ಕೊಂಡು ಕೇಳಿದ್ರೆ ಗೊತ್ತಾಗತ್ತೆ, ಪಟಪಟ ಅಂತ ಒಡೆದು ಬರ್ತಿದ್ರೆ ಯಾರೋ ಮುಂದೆ ಓಡ್ತಿದ್ದಾರೆ ಅಂತ ಅರ್ಥ. ನನ್ನ ಅನುಭವದಲ್ಲಿ ಈ ಒಂದು ಹಂತಕ್ಕೆ ಟೈಮ್ ಕೊಟ್ಟ ಗುಂಪು ಹೆಜ್ಜೆನ ಬೇಗ ಹಿಡಿಯತ್ತೆ, ಇದನ್ನ ಹಾರಿಸಿದ ಗುಂಪು ಕೊನೇ ದಿನದವರೆಗೂ ಒನ್ ಟೂ ತ್ರೀ ಫೋರ್ ಅಂತ ಕಿರುಚ್ತಾನೇ ಇರತ್ತೆ.

ಹಂತ 2: ಬರೀ ನಡಿಗೆ

ಎದ್ದು ನಡುವಿಗೆ ಮುಖ ಮಾಡಿ. ಈಗ ಬಲಕ್ಕೆ ತಿರುಗಿ, ದೀಪ ನಿಮ್ಮ ಎಡ ಭುಜದ ಕಡೆ ಬರತ್ತೆ. ಗರ್ಬಾ ಹೆಚ್ಚಿನ ಕಡೆ ಈ ದಿಕ್ಕಲ್ಲೇ ಸಾಗೋದು, ಅಂದ್ರೆ ಮೇಲಿಂದ ನೋಡಿದ್ರೆ ಗಡಿಯಾರದ ಮುಳ್ಳಿಗೆ ಉಲ್ಟಾ. ದೇವಸ್ಥಾನದ ಪ್ರದಕ್ಷಿಣೆ ಅಭ್ಯಾಸ ಇರೋರ ಕಾಲು ಮೊದಮೊದಲು ಆ ಕಡೆಗೇ ಎಳೆಯತ್ತೆ, ಎರಡು ಸುತ್ತು ಬಂದ್ರೆ ಸರಿಹೋಗತ್ತೆ.

ಧಾ ಬಂದಾಗ ಒಂದು ಹೆಜ್ಜೆ, ಬಲಗಾಲಿಂದ ಶುರು. ಮೊಣಕಾಲು ಸ್ವಲ್ಪ ಸಡಿಲ ಇರಲಿ. ನೆಲ ನೋಡ್ಕೊಂಡು ನಡೀಬೇಡಿ, ಮುಂದಿರೋರ ಭುಜ ನೋಡಿ, ಆಗಾಗ ಸುತ್ತಿನ ಆಚೆ ಬದಿಯಲ್ಲಿ ನಿಮ್ಮ ಎದುರಿಗೆ ಇರೋರನ್ನ ನೋಡಿ. ಎದುರಿನವರೂ ನೀವೂ ಒಂದೇ ಹೊತ್ತಿಗೆ ಕಾಲಿಡ್ತಿದ್ದೀರಾ ಅಂದ್ರೆ ಸುತ್ತು ಸರಿಯಾಗಿದೆ.

ಮುಂದಿನ ಹಂತದಲ್ಲಿ ಒಳಗೆ ಹೊರಗೆ ಹೋಗೋ ಹೆಜ್ಜೆ ಸೇರಿದಾಗ ಒಂದು ತೊಂದರೆ ಬಂದೇ ಬರತ್ತೆ, ಐದು ನಿಮಿಷದಲ್ಲಿ ಸುತ್ತು ಕುಗ್ಗಿ ಕುಗ್ಗಿ ಎಲ್ಲರೂ ದೀಪದ ಹತ್ರ ಬಂದಿರ್ತಾರೆ. ಯಾಕಂದ್ರೆ ಒಳಗೆ ಹೋಗೋ ಹೆಜ್ಜೆ ಮುಂದಕ್ಕೆ, ಅದು ದೊಡ್ಡದಾಗಿ ಬೀಳತ್ತೆ, ಹೊರಗೆ ಬರೋ ಹೆಜ್ಜೆ ಹಿಂದಕ್ಕೆ, ಅದು ಹೆದರಿಕೆಯಿಂದ ಚಿಕ್ಕದಾಗತ್ತೆ. ಚಾಕ್ ಗೆರೆ ಹಾಕಿದ್ದು ಇದಕ್ಕೇನೇ. ಪ್ರತಿ ಸಲ ಹಿಂದೆ ಬಂದಾಗ ಹಿಮ್ಮಡಿ ಗೆರೆ ಮೇಲೆ ಬೀಳ್ತಿದೆಯಾ ಅಂತ ಗಮನ ಇಡಿ, ನಾಲ್ಕು ದಿನದಲ್ಲಿ ಗೆರೆ ಇಲ್ಲದೇನೂ ಅಳತೆ ಬರತ್ತೆ.

ಹಂತ 3: ಎರಡು ತಾಳಿ, ಮೂರು ತಾಳಿ

ಬೇ ತಾಳಿ ಅಂದ್ರೆ ಎರಡು ಚಪ್ಪಾಳೆದು, ತ್ರಣ್ ತಾಳಿ ಅಂದ್ರೆ ಮೂರರದ್ದು. ಊರಿಗೊಂದು ಥರ ಇದೆ, ಅಹಮದಾಬಾದಿನೋರು ಮಾಡೋ ಥರಾನೇ ಸೌರಾಷ್ಟ್ರದೋರು ಮಾಡಲ್ಲ, ನಾನಿಲ್ಲಿ ಕೊಡ್ತಿರೋದು ಹೊಸಬರಿಗೆ ಸುಲಭ ಆಗೋ ರೂಪ. ಪ್ರತಿ ಹೆಜ್ಜೆನೂ ಒಂದು ಧಾ ಮೇಲೆ ಬೀಳತ್ತೆ, ಹಾಗಾಗಿ ನಾಲ್ಕು ಹೆಜ್ಜೆಗೆ ತಾಳ ಎರಡು ಸಲ ಸುತ್ತತ್ತೆ.

ಎರಡು ತಾಳಿ ಹೀಗೆ. ಮೊದಲನೇ ಹೆಜ್ಜೆ ಬಲಗಾಲು ಸಾಗೋ ದಿಕ್ಕಿಗೆ, ಕೈ ಎರಡೂ ಅಗಲ. ಎರಡನೇದು ಎಡಗಾಲು ದೀಪದ ಕಡೆಗೆ, ಸೊಂಟದಿಂದ ಬಗ್ಗಿ ಮೊಣಕಾಲ ಮಟ್ಟದಲ್ಲಿ ಚಪ್ಪಾಳೆ. ಮೂರನೇದು ಭಾರ ವಾಪಸ್ ಬಲಗಾಲಿಗೆ ಗೆರೆ ಮೇಲೆ, ಮೇಲೆದ್ದು ಎದೆ ಮಟ್ಟದಲ್ಲಿ ಚಪ್ಪಾಳೆ. ನಾಲ್ಕನೇದು ಎಡಗಾಲು ಬಲಗಾಲಿನ ಪಕ್ಕ, ಮುಖ ಮತ್ತೆ ಸಾಗೋ ದಿಕ್ಕಿಗೆ. ಇಷ್ಟೇ. ಈ ನಾಲ್ಕು ಹೆಜ್ಜೆಗೆ ಒಂದೇ ಹೆಜ್ಜೆಯಷ್ಟು ಮುಂದೆ ಹೋಗ್ತೀರ, ಅವಸರ ಮಾಡೋ ಹಾಗೇ ಇಲ್ಲ.

ಮೂರು ತಾಳಿಗೆ ಓಟ ಜಾಸ್ತಿ. ಒಂದಕ್ಕೆ ಬಲಗಾಲು ಮುಂದೆ, ಬಲ ಪಕ್ಕದಲ್ಲಿ ಚಪ್ಪಾಳೆ. ಎರಡಕ್ಕೆ ಎಡಗಾಲು ಮುಂದೆ, ಎಡ ಪಕ್ಕದಲ್ಲಿ ಚಪ್ಪಾಳೆ. ಮೂರಕ್ಕೆ ಬಲಗಾಲು ಇಟ್ಟು ದೀಪದ ಕಡೆ ತಿರುಗಿ ಬಗ್ಗಿ ಚಪ್ಪಾಳೆ. ನಾಲ್ಕಕ್ಕೆ ಎಡಗಾಲಿಗೆ ಭಾರ ಹಾಕಿ ಮೇಲೆದ್ದು ಎರಡೂ ಕೈಲಿ ಚಿಟಿಕೆ, ಆ ನಾಲ್ಕನೇದರಲ್ಲಿ ಚಪ್ಪಾಳೆ ಇಲ್ಲ. ಆ ಖಾಲಿ ಜಾಗದಲ್ಲೇ ಇದರ ರುಚಿ ಇರೋದು. ಹೊಸಬರು ಅಲ್ಲೂ ಒಂದು ಚಪ್ಪಾಳೆ ತುರುಕಿಬಿಡ್ತಾರೆ, ಆಗ ಮೂರು ತಾಳಿ ಹೋಗಿ ಬರೀ ಮಾರ್ಚಿಂಗ್ ಆಗಿಬಿಡತ್ತೆ.

ಇದು ಕೂತ ಮೇಲೆ ತಿರುವು ಸೇರಿಸಿ. ನಾಲ್ಕು ಹೆಜ್ಜೆ ಮೂರು ತಾಳಿ, ಮುಂದಿನ ನಾಲ್ಕು ಹೆಜ್ಜೆಯಲ್ಲಿ ಬಲ ಭುಜದ ಕಡೆಗೆ ಪೂರ್ತಿ ಒಂದು ತಿರುಗು, ತಿರುಗ್ತಾನೇ ಬಲಕ್ಕೆ ಸಾಗ್ತಾ ಇರಬೇಕು. ತಿರುಗುವಾಗ ದೀಪನ ಆದಷ್ಟು ಹೊತ್ತು ನೋಡ್ತಾ ಇದ್ದು ಕೊನೇಗೆ ತಲೆ ಸರ್ರಂತ ತಿರುಗಿಸಿ ಮತ್ತೆ ದೀಪಕ್ಕೇ ಕಣ್ಣು ತನ್ನಿ, ತಲೆ ಸುತ್ತೋದು ಬಹಳ ಕಮ್ಮಿ ಆಗತ್ತೆ.

ಆಮೇಲೆ ದೋಢಿಯು, ಪೋಪಟಿಯು, ಪಂಚಿಯು ಅಂತ ಸ್ಟೆಪ್ಪುಗಳು ಬೇಕಾದಷ್ಟಿದೆ, ಭರವಾಡ ಕುರಿಗಾಹಿಗಳ ಹುಡೋ ಅಂತೂ ಜೊತೆಗಾರರ ಕೈಗೆ ಕೈ ತಟ್ಟಿ ಆಡೋದು, ಗುಜರಾತಿನ ತರ್ಣೇತರ್ ಜಾತ್ರೆಯಲ್ಲಿ ಅದರ ಜೋರು ನೋಡಬೇಕು. ಆದ್ರೆ ಮೂರು ತಾಳಿ ಅರ್ಧ ಗಂಟೆ ನಿಲ್ಲಿಸದೆ ಬರೋ ತನಕ ಅದಕ್ಕೆಲ್ಲ ಕೈ ಹಾಕಬೇಡಿ. ವಡೋದರಾದಲ್ಲಿ ಸಾವಿರಾರು ಜನ ಒಂದೇ ಮೈದಾನದಲ್ಲಿ ಒಬ್ಬ ಹಾಡುಗಾರರ ದನಿಗೆ ಒಟ್ಟಿಗೆ ಬಗ್ಗಿ ಏಳೋದನ್ನ ನೋಡಿದ್ರೆ ಗೊತ್ತಾಗತ್ತೆ, ಸ್ಟೆಪ್ಪುಗಳು ನೂರಿರಲ್ಲ, ಇರೋ ಕೆಲವೇ ಸ್ಟೆಪ್ಪು ಎಲ್ಲರ ಮೈಗೂ ಹತ್ತಿರತ್ತೆ. 2023ರ ಡಿಸೆಂಬರಲ್ಲಿ ಯುನೆಸ್ಕೋ ಗರ್ಬಾವನ್ನ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸ್ತು, ಸೇರಲೇಬೇಕಾದದ್ದು ಅದು.

ದೊಡ್ಡ ಗರ್ಬಾಗೆ ಹೋದಾಗ ಒಂದರೊಳಗೊಂದು ಹಲವು ಸುತ್ತು ಇರತ್ತೆ. ಹೊರಗಿನ ಸುತ್ತಿಗೆ ಸೇರಿ, ಒಂದೆರಡು ನಿಮಿಷ ಪಕ್ಕದಲ್ಲಿ ನಿಂತು ಹೆಜ್ಜೆ ಹಿಡಿದು ಆಮೇಲೆ ಖಾಲಿ ಇರೋ ಕಡೆ ಒಳಗೆ ಬನ್ನಿ. ಸುಸ್ತಾದ್ರೆ ಹೊರಕ್ಕೆ ಹೋಗಬೇಕು, ಸುತ್ತನ್ನ ಸೀಳ್ಕೊಂಡು ಅಡ್ಡ ದಾಟಬಾರದು. ಸೆಲ್ಫಿಗೋಸ್ಕರ ಸುತ್ತಿನ ಮಧ್ಯೆ ನಿಲ್ಲೋರು ಇದ್ದಾರಲ್ಲ, ಅವರ ಹಿಂದೆ ಇಪ್ಪತ್ತು ಜನರ ಲಯ ಕೆಡತ್ತೆ, ದಯವಿಟ್ಟು ಮಾಡಬೇಡಿ.

ಹಂತ 4: ದಾಂಡಿಯಾ

ಕೋಲು ಒಂದೂವರೆ ಅಡಿ ಒಳಗಿರಲಿ. ಹಗುರ ಹಿಡಿತ, ಬುಡದಲ್ಲಿ ಎರಡು ಬೆರಳು ಜಾಗ ಬಿಟ್ಟು ಹಿಡೀರಿ, ಮುಷ್ಟಿ ಬಿಗಿದ್ರೆ ಹತ್ತು ನಿಮಿಷಕ್ಕೇ ಮಣಿಕಟ್ಟು ನೋಯತ್ತೆ. ಏಟು ಯಾವಾಗ್ಲೂ ಎದೆ ಮಟ್ಟದಲ್ಲಿ, ಕೋಲಿನ ಮೇಲಿನ ಭಾಗ ಮೇಲಿನ ಭಾಗಕ್ಕೆ ತಾಗೋ ಹಾಗೆ. ಕೋಲುಗಳು ಎರಡೂ ನಡುವೆ ಬಂದು ಸೇರಬೇಕು, ಒಬ್ಬರು ಹಿಡಿದು ನಿಂತು ಇನ್ನೊಬ್ಬರು ಬೀಸೋದಲ್ಲ.

ಎಂಟು ಮಾತ್ರೆ ಲೆಕ್ಕ ಹೀಗಿದೆ: ಒಂದಕ್ಕೆ ಬಲಗೋಲಿಗೆ ಎದುರಿನವರ ಬಲಗೋಲು, ಎರಡಕ್ಕೆ ಎಡಕ್ಕೆ ಎಡ, ಮೂರಕ್ಕೆ ಮತ್ತೆ ಬಲಕ್ಕೆ ಬಲ, ನಾಲ್ಕಕ್ಕೆ ನಿಮ್ಮ ಎರಡು ಕೋಲು ನೀವೇ ತಟ್ಟಿ, ಐದಕ್ಕೆ ಕೊನೇ ಸಲ ಬಲಕ್ಕೆ ಬಲ, ಆರು ಏಳು ಎಂಟರಲ್ಲಿ ಮುಂದಿನ ಜೋಡಿಗೆ ಸರಿಯೋದು.

ಸುತ್ತಲ್ಲಿ ಆಡೋದಾದ್ರೆ ಒಳಗೊಂದು ಹೊರಗೊಂದು ಸುತ್ತು, ಒಳಗಿನವರು ಹೊರಗೆ ಮುಖ, ಹೊರಗಿನವರು ಒಳಗೆ ಮುಖ. ಎಲ್ಲರೂ ತಂತಮ್ಮ ಬಲಕ್ಕೆ ಸರಿದ್ರೆ ಎರಡು ಸುತ್ತೂ ಒಂದಕ್ಕೊಂದು ಉಲ್ಟಾ ತಿರುಗತ್ತೆ. ಇಲ್ಲಿ ಹುಷಾರು, ಇಬ್ಬರೂ ಒಂದೊಂದು ಪೂರ್ತಿ ಜಾಗ ಸರಿದ್ರೆ ಮಧ್ಯದ ಒಬ್ಬರು ತಪ್ಪಿಹೋಗ್ತಾರೆ, ಜೋಡಿಗಳ ಸಂಖ್ಯೆ ಸಮ ಇದ್ದು ಹೀಗೇ ಮುಂದುವರಿದ್ರೆ ಅರ್ಧ ಜನರ ಜೊತೆ ನೀವು ಆಡೋದೇ ಇಲ್ಲ. ಇಬ್ಬರೂ ಅರ್ಧರ್ಧ ಜಾಗ ಮಾತ್ರ ಸರೀಬೇಕು. ಇದು ಕಷ್ಟ ಅನ್ಸಿದ್ರೆ ಒಳಗಿನವರು ನಿಂತಲ್ಲೇ ಇರಲಿ, ಹೊರಗಿನವರು ಮಾತ್ರ ಒಂದು ಜಾಗ ಸರೀಲಿ, ಮಕ್ಕಳಿಗೆ ಹೀಗೆ ಕಲಿಸೋದೇ ಒಳ್ಳೇದು.

ಹಂತ 5: ನಮ್ಮ ಕೋಲಾಟ

ದಾಂಡಿಯಾ ಬಂದ್ರೆ ಕೋಲಾಟ ಬಂದ ಹಾಗೇ ಅಂತ ಕೆಲವರು ಅನ್ಕೊಂಡಿರ್ತಾರೆ. ಕೋಲು ಒಂದೇ, ಆದ್ರೆ ಕೋಲಾಟದ ಜೀವ ಇರೋದು ಪದದಲ್ಲಿ. ಕುಣಿಯೋರೇ ಹಾಡಬೇಕು. ಒಬ್ಬರು ಪದ ಹೇಳ್ತಾರೆ, ಉಳಿದವರು ಸೊಲ್ಲು ಹಿಡೀತಾರೆ, ಕೋಲು ಕೋಲೆನ್ನ ಕೋಲೇ ಅನ್ನೋ ಸೊಲ್ಲು ಯಾವ ಹಳ್ಳಿಗೆ ಹೋದ್ರೂ ಕೇಳತ್ತೆ. ಗಣಪತಿಗೋ ಶಾರದೆಗೋ ಮೊದಲ ಪದ, ಆಮೇಲೆ ಊರ ದೇವರು, ಕೃಷ್ಣನ ಆಟ, ಪಾಂಡವರ ಕಥೆ. ಸ್ಪೀಕರಲ್ಲಿ ಹಾಡು ಹಾಕಿ ಕೋಲಾಟ ಆಡ್ಸೋದು ನನಗೆ ಸ್ವಲ್ಪನೂ ಇಷ್ಟ ಆಗಲ್ಲ. ಪದ ಹೇಳೋರು ಸುತ್ತನ್ನ ನೋಡಿ ನಿಧಾನ ಮಾಡ್ತಾರೆ, ಜೋರು ಮಾಡ್ತಾರೆ, ಯಾರೋ ತಪ್ಪಿದ್ರೆ ಇನ್ನೊಂದು ಸಲ ಸೊಲ್ಲು ಎಳೀತಾರೆ, ಸ್ಪೀಕರಿಗೆ ಅದೆಲ್ಲ ಎಲ್ಲಿ ಗೊತ್ತಾಗತ್ತೆ? ಹಾಗಾಗಿ ಮೊದಲು ಕೋಲಿಲ್ಲದೆ ಕೂತು ಎರಡು ಪದ ಬಾಯಿಪಾಠ ಮಾಡಿ.

ಈಗ ನಿಲ್ಲಿ. ಜನ ಸಮಸಂಖ್ಯೆ ಇರಬೇಕು, ಆದ್ರೆ ನಾನು ಹೇಳೋದು 8, 12, 16 ಹೀಗೆ ನಾಲ್ಕರಿಂದ ಭಾಗ ಆಗೋ ಸಂಖ್ಯೆ ಇಟ್ಕೊಳ್ಳಿ, ಯಾಕೆ ಅಂತ ಆಮೇಲೆ ಬರತ್ತೆ. ಎಲ್ಲರೂ ನಡುವಿಗೆ ಮುಖ ಮಾಡಿ ಒಂದು, ಎರಡು, ಒಂದು, ಎರಡು ಅಂತ ಬಲಕ್ಕೆ ಎಣಿಸ್ತಾ ಹೋಗಿ.

ಮೊದಲ ಆಟ ನಿಂತಲ್ಲೇ. ಒಂದನೇ ಏಟು ನಿಮ್ಮದೇ ಎರಡು ಕೋಲು ಬಗ್ಗಿ ಕೆಳಗೆ, ಎರಡನೇದು ನಿಮ್ಮವೇ ಎದೆ ಮುಂದೆ, ಮೂರನೇದು ಒಂದು ಪಕ್ಕದವರ ಕೋಲಿಗೆ, ನಾಲ್ಕನೇದು ಇನ್ನೊಂದು ಪಕ್ಕದವರಿಗೆ. ಮೂರನೇ ಏಟಿಗೆ ಎಲ್ಲರೂ ಬಲಕ್ಕೆ ತಿರುಗಿಬಿಟ್ರೆ ಎಲ್ಲರಿಗೂ ಮುಂದಿನವರ ಬೆನ್ನೇ ಸಿಗೋದು, ಕೋಲು ಗಾಳೀಲಿ. ಹಾಗಾಗಿ ಒಂದನೇ ನಂಬರಿನವರು ಮೊದಲು ಬಲಕ್ಕೆ, ಎರಡನೇ ನಂಬರಿನವರು ಮೊದಲು ಎಡಕ್ಕೆ. ನಾಲ್ಕನೇ ಏಟಿಗೆ ಉಲ್ಟಾ. ಇದು ಸರಿಯಾಗಿ ಬಿದ್ದಾಗ ಹನ್ನೆರಡು ಜೊತೆ ಕೋಲು ಒಂದೇ ಟಕ್ ಅನ್ನತ್ತೆ, ಆ ಸದ್ದು ಒಂದ್ಸಲ ಕೇಳಿದ ಗುಂಪಿಗೆ ಮತ್ತೆ ಬಾ ಅಂತ ಕರೀಬೇಕಾಗಿಲ್ಲ.

ಎರಡನೇ ಆಟ ಹೆಣಿಗೆ. ಒಂದನೇ ನಂಬರಿನವರು ಬಲಕ್ಕೆ, ಎರಡನೇ ನಂಬರಿನವರು ಎಡಕ್ಕೆ ತಿರುಗಿ ಜೋಡಿ ಎದುರು ಬದುರು ನಿಲ್ಲಿ. ಬಲಗೋಲಿಗೆ ಬಲಗೋಲು ತಟ್ಟಿ, ಬಲ ಭುಜಕ್ಕೆ ಬಲ ಭುಜ ಸವರೋ ಹಾಗೆ ದಾಟಿ. ಮುಂದೆ ಇನ್ನೊಬ್ಬರು ಎದುರಿಗೆ ಸಿಗ್ತಾರೆ, ಅವರಿಗೆ ಎಡಗೋಲು ತಟ್ಟಿ ಎಡ ಭುಜದಿಂದ ದಾಟಿ. ಹೀಗೇ ಬಲ, ಎಡ, ಬಲ, ಎಡ. ಒಂದನೇ ನಂಬರಿನವರು ಒಮ್ಮೆ ಒಳಗಿಂದ ಒಮ್ಮೆ ಹೊರಗಿಂದ ಹಾವಿನ ಥರ ಹೋಗ್ತಿರ್ತಾರೆ, ಎರಡನೇ ನಂಬರಿನವರು ಅದಕ್ಕೆ ಸರೀ ಉಲ್ಟಾ.

ಸರಿಯಾಗಿ ನಡೀತಿದೆಯಾ ಅಂತ ನೋಡೋಕೆ ಒಂದು ಲೆಕ್ಕ ಇದೆ. 12 ಜನ ಇದ್ರೆ ಆರು ಜನರನ್ನ ದಾಟಿದ ಮೇಲೆ ಏಳನೆಯವರಾಗಿ ನಿಮ್ಮ ಮೊದಲನೇ ಜೋಡಿನೇ ಮತ್ತೆ ಎದುರಿಗೆ ಬರಬೇಕು, ಅದೂ ನೀವು ಶುರು ಮಾಡಿದ ಜಾಗಕ್ಕೆ ಸರೀ ಎದುರು ಬದಿಯಲ್ಲಿ. ಬರದಿದ್ರೆ ಯಾರೋ ನಡುವೆ ತಿರುಗಿಬಿಟ್ಟಿದ್ದಾರೆ. ನಾಲ್ಕರಿಂದ ಭಾಗ ಆಗೋ ಸಂಖ್ಯೆ ಯಾಕೆ ಅಂದ್ರೆ ಇದಕ್ಕೇ, 12ರಲ್ಲಿ ಏಳನೇ ಏಟು ಬಲಗೋಲಿಗೇ ಬೀಳತ್ತೆ, ಶುರುವಿನ ಹಾಗೇ. 10 ಜನ ಇದ್ರೆ ಜೋಡಿ ಮತ್ತೆ ಸಿಕ್ಕಾಗ ಎಡಗೋಲಿನ ಸರದಿ ಬಂದಿರತ್ತೆ, ಅಲ್ಲಿಂದ ಗೊಂದಲ ಶುರು. ಒಬ್ಬರು ಕಮ್ಮಿ ಬಿದ್ರೆ ಪದ ಹೇಳೋರನ್ನೇ ಸುತ್ತಿಗೆ ಸೇರಿಸ್ಕೊಳ್ಳಿ.

ಹಂತ 6: ಜಡೆ ಕೋಲಾಟ

ಹೆಣಿಗೆ ಆಟ ತಪ್ಪಿಲ್ಲದೆ ಬಂದ ಮೇಲೆ ಮಾತ್ರ ಇದಕ್ಕೆ ಬನ್ನಿ, ನೋಡೋರು ಉಸಿರು ಬಿಗಿ ಹಿಡಿದು ನೋಡೋ ಆಟ ಇದು. ಮೇಲೊಂದು ಬಳೆ ಕಟ್ಟಿ ಅದರಿಂದ ಬಣ್ಣದ ಟೇಪು ಇಳಿಬಿಟ್ಟು, ಒಬ್ಬೊಬ್ಬರು ಒಂದೊಂದು ತುದಿ ಹಿಡಿದು ಹೆಣಿಗೆ ಕುಣಿದ್ರೆ ನಡುವೆ ಜಡೆ ಬೀಳತ್ತೆ, ಉಲ್ಟಾ ಕುಣಿದ್ರೆ ಬಿಚ್ಕೊಳ್ಳತ್ತೆ. ತಮಿಳುನಾಡಲ್ಲೂ ಪಿನ್ನಲ್ ಕೋಲಾಟ್ಟಂ ಅಂತ ಇದೇ ಆಟ ಇದೆ.

ಬಳೆ 12 ಅಡಿ ಎತ್ತರದಲ್ಲಿದ್ರೆ ಟೇಪು 18 ಅಡಿ ಬೇಕು, ಎತ್ತರದ ಒಂದೂವರೆಪಟ್ಟು ಅಂತ ನೆನಪಿಟ್ಕೊಳ್ಳಿ, ಜಡೆ ಬೀಳ್ತಾ ಬೀಳ್ತಾ ಉದ್ದ ತಿನ್ನತ್ತೆ. ಕಾಟನ್ ಟೇಪು ಇಲ್ಲಾ ಹಳೇ ಸೀರೆ ಸೀಳಿದ ಪಟ್ಟಿ ಒಳ್ಳೇದು, ಸ್ಯಾಟಿನ್ ರಿಬ್ಬನ್ ಜಾರತ್ತೆ. ಒಂದನೇ ನಂಬರಿನವರಿಗೆಲ್ಲ ಒಂದು ಬಣ್ಣ, ಎರಡನೇ ನಂಬರಿನವರಿಗೆಲ್ಲ ಇನ್ನೊಂದು ಬಣ್ಣ ಕೊಡಿ, ಯಾರು ಯಾವ ಕಡೆ ಹೋಗ್ತಿದ್ದಾರೆ ಅಂತ ದೂರದಿಂದ್ಲೇ ಕಾಣತ್ತೆ. ಎಡಗೈಲಿ ಟೇಪು, ಬಲಗೈಲಿ ಒಂದೇ ಕೋಲು. ಒಳಗಿಂದ ದಾಟೋರು ತಲೆ ಬಗ್ಗಿಸ್ತಾರೆ, ಹೊರಗಿಂದ ದಾಟೋರು ಟೇಪನ್ನ ಅವರ ತಲೆ ಮೇಲಿಂದ ಎತ್ತಿ ತರ್ತಾರೆ. ಎಲ್ಲರ ಎಳೆತ ಒಂದೇ ಹದದಲ್ಲಿರಬೇಕು, ಒಬ್ಬರು ಸಡಿಲ ಬಿಟ್ರೆ ಜಡೆಯಲ್ಲಿ ಅಲ್ಲೊಂದು ಕುಣಿಕೆ ನೇತಾಡತ್ತೆ.

ಬಿಚ್ಚೋದೇ ನಿಜವಾದ ಪರೀಕ್ಷೆ. ಪದ ಹೇಳೋರು ಸನ್ನೆ ಕೊಟ್ಟಾಗ ಎಲ್ಲರೂ ಪೂರ್ತಿ ನಿಲ್ಲಬೇಕು, ಯಾರೂ ಅರ್ಧ ದಾಟಿದ ಸ್ಥಿತಿಯಲ್ಲಿ ಇರಬಾರದು. ನಿಂತಲ್ಲೇ ಹಿಂದೆ ತಿರುಗಿ, ಈಗಷ್ಟೇ ಯಾರನ್ನ ದಾಟಿದ್ರೋ ಅವರೇ ಎದುರಿಗೆ ಇರ್ತಾರೆ. ಕೊನೇ ದಾಟಲ್ಲಿ ನೀವು ಒಳಗಿಂದ ಹೋಗಿದ್ರೆ ಬಿಚ್ಚುವಾಗ ಮೊದಲ ದಾಟೂ ಒಳಗಿಂದ್ಲೇ, ಹೊರಗಿಂದ ಹೋಗಿದ್ರೆ ಹೊರಗಿಂದ್ಲೇ. ಇಲ್ಲಿ ಉಲ್ಟಾ ಆದ್ರೆ ಜಡೆ ಬಿಚ್ಚಲ್ಲ, ಅದರ ಮೇಲೆ ಇನ್ನೊಂದು ಗಂಟು ಬೀಳತ್ತೆ. ಅದಕ್ಕೆ ಕೊನೇ ದಾಟಿನ ಹೊತ್ತಿಗೆ ಒಳಗಿನವರೆಲ್ಲ ಜೋರಾಗಿ ಒಳಗೆ ಅಂತ ಕೂಗೋ ಅಭ್ಯಾಸ ಮಾಡ್ಸಿ. ಮೊದಲ ಸಲ 8 ಜನ ಸಾಕು, ನಾಲ್ಕು ದಾಟು ಹೆಣೆದು ನಾಲ್ಕು ದಾಟು ಬಿಚ್ಚಿ, ಅದು ಬಂದ ಮೇಲೆ ಎಂಟು, ಹದಿನಾರು.

ಹೋಗಿ ನೋಡಬೇಕಾದವು

ವಿಡಿಯೋಗಿಂತ ಕಣ್ಣಾರೆ ನೋಡಿದ್ರೆ ಬರೋ ಕಲಿಕೆ ಬೇರೆ. ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಪುತ್ತರಿ ಹಬ್ಬಕ್ಕೆ ಕೊಡಗಿಗೆ ಹೋದ್ರೆ ಊರವರು ಸೇರೋ ಬಯಲಾದ ಮಂದ್‌ಗಳಲ್ಲಿ ಕುಪ್ಯ ಚೇಲೆ (ಕೊಡವರ ನಿಲುವಂಗಿ, ಸೊಂಟಪಟ್ಟಿ) ತೊಟ್ಟ ಗಂಡಸರು ಕೋಲಾಟ ಆಡ್ತಾರೆ, ಅಲ್ಲಿ ದುಡಿ ಬಡಿತದ ನಿಧಾನಗತಿ ಗಮನಿಸಿ, ಅವಸರವೇ ಇಲ್ಲ. ಹೋಳಿ ಸಮಯಕ್ಕೆ ಅಂಕೋಲಾ ಕುಮಟಾ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ, ತಲೆ ಮೇಲೆ ಆ ಬಣ್ಣದ ತುರಾಯಿ ಹೊತ್ಕೊಂಡು ಅಷ್ಟು ಹಗುರಾಗಿ ಕುಣೀತಾರೆ. ಹಾಲಕ್ಕಿ ಹಾಡುಗಳನ್ನ ಎದೆಯಲ್ಲಿಟ್ಕೊಂಡಿದ್ದ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ತೀರಿಕೊಂಡ್ರು, ಅವರ ಹಾಡು ಒಮ್ಮೆಯಾದ್ರೂ ಕೇಳಿ. ಉತ್ತರ ಕರ್ನಾಟಕದ ತಾಂಡಾಗಳಲ್ಲಿ ತೀಜ್ ಹಬ್ಬಕ್ಕೆ ಮೊಳಕೆ ಬಂದ ಗೋಧಿ ಬುಟ್ಟಿ ಇಟ್ಕೊಂಡು ಲಂಬಾಣಿ ಹೆಂಗಸರು ಸುತ್ತಾಗಿ ಕುಣಿಯೋದು ಚಪ್ಪಾಳೆ ಗುಂಪಿಗೆ ಸೇರಿದ್ದು, ಗರ್ಬಾ ಕಲಿತೋರಿಗೆ ಆ ಹೆಜ್ಜೆ ತಕ್ಷಣ ಗುರುತು ಸಿಗತ್ತೆ. ಯಾರದೇ ಹಬ್ಬಕ್ಕೆ ಹೋದಾಗ ಸುತ್ತಿಗೆ ನುಗ್ಗಬೇಡಿ, ಕರೆದ್ರೆ ಹೋಗಿ.

ಮೈ, ಬಟ್ಟೆ, ಕಾರ್ಯಕ್ರಮದ ದಿನ

ಸಿಮೆಂಟ್ ನೆಲದಲ್ಲಿ, ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಬರಿಗಾಲಲ್ಲಿ ದಿನಾ ಎರಡು ಗಂಟೆ ಹಾರಿದ್ರೆ ಮೊಣಕಾಲು, ಹಿಮ್ಮಡಿ ಹಿಡ್ಕೊಳ್ಳತ್ತೆ. ಮಣ್ಣಿನ ನೆಲ, ಹುಲ್ಲು ಸಿಕ್ಕಿದ್ರೆ ಅದೇ ಒಳ್ಳೇದು, ಸಿಗದಿದ್ರೆ ಪ್ರಾಕ್ಟೀಸಿಗೆ ಮೆತ್ತನೆ ಅಟ್ಟೆಯ ಶೂ ಹಾಕ್ಕೊಳ್ಳಿ, ದೀಪ ಇಟ್ಟ ದಿನ ಮಾತ್ರ ಬರಿಗಾಲು. ವಿದೇಶದ ಕನ್ನಡ ಕೂಟದವರು ಮರದ ನೆಲದ ಹಾಲ್‌ನಲ್ಲಿ ಆಡ್ತೀರಲ್ಲ, ಸಾಕ್ಸ್ ಹಾಕ್ಕೊಂಡು ಯಾವತ್ತೂ ತಿರುಗಬೇಡಿ, ಜಾರತ್ತೆ. ಮೊಣಕಾಲು ನೋವಿರೋರು ಬಗ್ಗೋ ಜಾಗದಲ್ಲಿ ಬರೀ ತಲೆ ಬಾಗಿಸಿ ಚಪ್ಪಾಳೆ ಹೊಡೀಲಿ, ಸುತ್ತು ಬಿಟ್ಟು ಹೋಗೋದು ಬೇಡ.

ಚನಿಯಾ ಚೋಳಿ (ಗರ್ಬಾದ ಲಂಗ ರವಿಕೆ) ಹಾಕೋದಾದ್ರೆ ಅದೇ ಬಟ್ಟೆಯಲ್ಲಿ ಕಮ್ಮಿ ಅಂದ್ರೂ ಒಂದು ಪೂರ್ತಿ ಪ್ರಾಕ್ಟೀಸ್ ಮಾಡಿ, ಘೇರಿನ ಭಾರ ತಿರುವಿನಲ್ಲಿ ನಿಮ್ಮನ್ನ ಎಳೆಯತ್ತೆ. ದುಪಟ್ಟಾ ಎರಡು ಕಡೆ ಪಿನ್. ಕೋಲಾಟಕ್ಕೆ ಸೀರೆ ಆದ್ರೆ ಕಚ್ಚೆ ಹಾಕಿ ಇಲ್ಲಾ ಪಾದದಿಂದ ನಾಲ್ಕು ಬೆರಳು ಮೇಲೆ ಉಡಿ. ಗಾಜಿನ ಬಳೆ, ಉಂಗುರ ತೆಗೆದಿಡಿ. ಕೋಲಿನಲ್ಲಿ ಸಿಬಿರು ಇದೆಯಾ ಅಂತ ಹಿಂದಿನ ದಿನವೇ ಕೈಯಾಡಿಸಿ ನೋಡಿ ಮರಳು ಕಾಗದ ಉಜ್ಜಿ.

ಆಟದ ವೇಗ ನಿಧಾನಕ್ಕೆ ಏರಬೇಕು. ಮೊದಲ ಪದ ಅಜ್ಜಿಯಂದಿರೂ ಬರೋ ವೇಗದಲ್ಲಿ, ಮೂರನೇ ಪದಕ್ಕೆ ಬಿಸಿ, ಕೊನೆಯದು ಜೋರು, ಆ ಕೊನೆಯದು ಮೂರು ನಾಲ್ಕು ನಿಮಿಷಕ್ಕಿಂತ ಉದ್ದ ಬೇಡ. ತಪ್ಪಿದವರು ನಿಂತು ಯೋಚನೆ ಮಾಡ್ತಾ ಇರಬಾರದು, ತಾಳಕ್ಕೆ ಬರೀ ನಡೀತಾ ಇದ್ದು ಮುಂದಿನ ಒಂದಕ್ಕೆ ಸೇರ್ಕೋಬೇಕು, ಹಂತ 2ರಲ್ಲಿ ಬರೀ ನಡಿಗೆ ಕಲ್ಸಿದ್ದು ಇದಕ್ಕೇ. ಮುರಿದ ಕೋಲು ಎತ್ಕೊಳ್ಳೋಕೆ ಯಾರೂ ಬಗ್ಗಬಾರದು, ಕಾಲಲ್ಲಿ ಹೊರಗೆ ತಳ್ಳಿ ಬರಿಗೈಲೇ ಆ ಸುತ್ತು ಮುಗಿಸಿ, ಸುತ್ತಿನ ಹೊರಗೆ ನಾಲ್ಕು ಜೊತೆ ಎಕ್ಸ್‌ಟ್ರಾ ಕೋಲು ಹಿಡ್ಕೊಂಡು ಒಬ್ಬರನ್ನ ನಿಲ್ಲಿಸಿರಿ.